ದುರ್ಯೋಧನನ ಕಡೆಯ ಕತೆ

ಪ್ರಶ್ನೆ: ಊರ ಜಾತ್ರೆಗೆಂದು ಭಾರತದ ಕತೆಯನ್ನು ದುರ್ಯೋಧನನ ಬಾಯಿಂದ ಹೇಳಿಸುವ ಆಟ ಬರೆಯುತ್ತಿದ್ದೇನೆ. ಅವನ ಮೇಲೆ ಕನಿಕರ ಹುಟ್ಟಲಿ ಎಂದು ದ್ರೌಪದಿಯ ವಸ್ತ್ರಾಪಹರಣವನ್ನು ಕೈಬಿಟ್ಟೆ. ಓದಿದ ನಮ್ಮ ಅಜ್ಜ, ‘ಕೇಡಿಗನಿಗೆ ವಕಾಲತ್ತು ಯಾಕೆ?’ ಎಂದು ಸಿಟ್ಟಾದರು. ನಾನು ಮಾಡಿದ್ದು ಸರಿಯೇ?
– ಓದುಗಿ, ರಾಣೆಬೆನ್ನೂರು

ಉತ್ತರ: ದುರ್ಯೋಧನನನ್ನು ಆರಿಸಿಕೊಂಡದ್ದು ಸರಿ, ವಸ್ತ್ರಾಪಹರಣ ನಡೆದ ಸಭೆಯನ್ನು ಕೈಬಿಟ್ಟದ್ದು ತಪ್ಪು.

ಕೇಡಿಗನ ಮಾತಿಗೆ ಕಿವಿಗೊಡುವುದು ನಮ್ಮ ಸೀಮೆಗೆ ಹೊಸದಲ್ಲ. ನಮ್ಮ ಬಯಲಾಟವಾದ ದೊಡ್ಡಾಟದಲ್ಲಿ ರಂಗಕ್ಕೆ ಬಂದ ವೇಷವನ್ನು, ಆಟ ನಡೆಸಿಕೊಡುವ ಸಾರಥಿ ‘ತಾವು ಯಾರು, ಎಲ್ಲಿಯವರು’ ಎಂದು ವಿಚಾರಿಸುತ್ತಾನೆ. ಧರ್ಮರಾಯನಿಗೆ ಸಲ್ಲುವ ಈ ಮರ್ಯಾದೆ ಕೌರವನಿಗೂ ಸಲ್ಲುತ್ತದೆ. ಗದಗ ಸುತ್ತಿನ ಹಳ್ಳಿಗಳಲ್ಲಿ ನಾನು ಹರೆಯದಲ್ಲಿ ಕೌರವನ ವೇಷ ಕಟ್ಟುತ್ತಿದ್ದೆ. ಭುಜಕೀರ್ತಿ, ಕಿರೀಟ ತೊಟ್ಟು ಗೆಜ್ಜೆಗಾಲಲ್ಲಿ ನನ್ನ ಬಿರುದುಗಳನ್ನು ಹೇಳಿಕೊಳ್ಳುವಾಗ ಜನ ಗಂಭೀರವಾಗಿ ಕೇಳುತ್ತಿದ್ದರು. ದ್ರೌಪದಿಯ ಸೆರಗಿಗೆ ಕೈ ಹಾಕಿಸಿದಾಗ ಅದೇ ಹೆಣ್ಣುಮಕ್ಕಳು ಕುಳಿತಲ್ಲಿಂದಲೇ ನನ್ನನ್ನು ಶಪಿಸುತ್ತಿದ್ದರು. ಆ ಶಾಪವೂ ನನ್ನ ಪಾತ್ರಕ್ಕೆ ಸಲ್ಲಬೇಕಾದದ್ದೇ ಆಗಿತ್ತು.

ರನ್ನನನ್ನು ಓದಿ. ತನ್ನ ದೊರೆ ಸತ್ಯಾಶ್ರಯನನ್ನು ಭೀಮನೊಂದಿಗೆ ಒಂದಾಗಿಸಿ ಹಾಡಿದ ಕವಿ ಅವನು. ‘ಗದಾಯುದ್ಧ’ಕ್ಕೆ ‘ಸಾಹಸಭೀಮವಿಜಯ’ ಎಂಬ ಹೆಸರೂ ಇದೆ. ಭೀಮನನ್ನು ಹೊಗಳಲು ಕುಳಿತವನು ದುರ್ಯೋಧನನನ್ನು ಸಂಜಯನೊಬ್ಬನ ಜೊತೆಯಲ್ಲಿ ರಣರಂಗದಲ್ಲಿ ಹೆಣಗಳ ನಡುವೆ ನಡೆಸುತ್ತಾನೆ. ಮಗ ಲಕ್ಷಣಕುಮಾರನ ಶವದ ಮುಂದೆ, ಮಗ ಅಪ್ಪನಿಗೆ ಕೊಡಬೇಕಾದ ತರ್ಪಣವನ್ನು ಅಪ್ಪನೇ ಮಗನಿಗೆ ಕೊಡುವಂತಾಯಿತೇ ಎಂದು ಅವನು ಗೋಳಿಡುತ್ತಾನೆ. ಶತ್ರುವಿನ ಮಗ ಅಭಿಮನ್ಯುವನ್ನು ಕಂಡಾಗ ಕೈಮುಗಿದು, ನಿನ್ನಂಥ ಸಾವಿನ ಒಂದು ಪಾಲಾದರೂ ನಮಗೆ ಸಿಗಲಿ ಎನ್ನುತ್ತಾನೆ. ಸಂಧಿ ಮಾಡಿಕೊ ಎಂದ ಭೀಷ್ಮನಿಗೆ ಅವನ ಉತ್ತರ: ‘ನೆಲಕಿರಿವೆನೆಂದು ಬಗೆದಿರೆ ಚಲಕಿರಿವೆಂ’. ಅಂದರೆ, ನೆಲಕ್ಕಾಗಿ ಕಾದುತ್ತೇನೆಂದು ತಿಳಿದಿರಾ, ನಾನು ಕಾದುವುದು ಛಲಕ್ಕಾಗಿ. ಕರ್ಣನನ್ನು ಕೊಲ್ಲಿಸಿದ ಈ ನೆಲ ತನಗೆ ಪಾಳುನೆಲ ಎನ್ನುತ್ತಾನೆ. ಗೆಳೆಯನ ಮೇಲಿನ ಪ್ರೀತಿಯೂ ಹಟವೂ ಒಂದೇ ಉಸಿರಿನಲ್ಲಿ ಬರುವ ಈ ಮಾತನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಹಾಗೆಂದು ರನ್ನ ಅವನ ಅಪರಾಧವನ್ನು ಅಳಿಸಲಿಲ್ಲ. ಕೊನೆಗೆ ಮುರಿಯುವುದು ಅವನ ತೊಡೆ. ಸಭೆಯಲ್ಲಿ ದ್ರೌಪದಿಗೆ ತೋರಿಸಿದ ತೊಡೆ ಅದು. ಅದನ್ನು ಮುರಿಯುತ್ತೇನೆಂದು ಭೀಮ ಪ್ರತಿಜ್ಞೆ ಮಾಡಿದ್ದೂ ಅಲ್ಲೇ. ಸಭೆಯೇ ಇಲ್ಲದಿದ್ದರೆ ನಿಮ್ಮ ಆಟದಲ್ಲಿ ಭೀಮನ ಗದೆ ಅಲ್ಲಿಗೇ ಏಕೆ ಬೀಳಬೇಕು?

ಆದ್ದರಿಂದ ಆ ಪ್ರಸಂಗವನ್ನು ಮತ್ತೆ ಸೇರಿಸಿ, ದುರ್ಯೋಧನನೇ ಅದನ್ನು ಹೇಳಲಿ. ಮಯಸಭೆಯಲ್ಲಿ ನೆಲವೆಂದು ನೀರಿಗೆ ಬಿದ್ದಾಗ ಎದ್ದ ನಗೆ ತನ್ನನ್ನು ಹೇಗೆ ಸುಟ್ಟಿತೆಂದು ಹೇಳಲಿ. ಆ ಅವಮಾನ ನಿಜ. ಅದಕ್ಕೆ ಸೇಡೆಂದು ಒಬ್ಬ ಹೆಣ್ಣನ್ನು ಎಳೆದು ತರಿಸಿದ್ದನ್ನೂ ತನ್ನ ಹಕ್ಕೆಂಬಂತೆ ಹೇಳಲಿ. ‘ಸೋತ ಧರ್ಮರಾಯನಿಗೆ ನನ್ನನ್ನು ಪಣವಿಡುವ ಹಕ್ಕೆಲ್ಲಿತ್ತು?’ ಎಂಬ ದ್ರೌಪದಿಯ ಪ್ರಶ್ನೆ ಬಂದಾಗ ಅವನ ಬಳಿ ಉತ್ತರ ಇರಬಾರದು. ಅಲ್ಲಿ ಅವನಿಗೆ ಸುಲಭದ ಪಶ್ಚಾತ್ತಾಪ ಕೊಡಬೇಡಿ. ಅವನನ್ನು ಎತ್ತಲು ಪಾಂಡವರನ್ನು ನೀಚರನ್ನಾಗಿಸುವುದೂ ಬೇಡ.

ಪ್ರಶ್ನೆ: ರನ್ನನ ಹಳಗನ್ನಡ ಪದ್ಯ ಜಾತ್ರೆಯ ಜನಕ್ಕೆ ತಿಳಿಯುತ್ತದೆಯೇ?
– ಅದೇ ಓದುಗಿ

ಉತ್ತರ: ಒಂದೆರಡು ಪದ್ಯ ಸಾಕು, ಹಾಗೆಯೇ ಇಡಿ. ದೊಡ್ಡಾಟದಲ್ಲಿ ಪದದ ಹಿಂದೆ ಮಾತು ಬರುವುದು ರೂಢಿಯಲ್ಲವೇ? ಹಿಮ್ಮೇಳದವರು ಪದ್ಯ ಹಾಡಲಿ, ಅದೇ ಅರ್ಥವನ್ನು ದುರ್ಯೋಧನ ಇಂದಿನ ಕನ್ನಡದಲ್ಲಿ ಬಿಡಿಸಿ ಹೇಳಲಿ.