ಬೀಗ ಹಾಕಿದ ಮನೆ, ಬಾರದ ಗಿರಾಕಿ

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ಅಪ್ಪ ಕಟ್ಟಿಸಿದ ಮನೆ ಮಾರಾಟಕ್ಕಿದೆ. ನಾವಿರುವುದು ಪುಣೆಯಲ್ಲಿ. ಕೀ ಚಿಕ್ಕಪ್ಪನ ಹತ್ತಿರ ಇದೆ, ಅವರು ಊರಲ್ಲಿರುವುದೇ ಕಡಿಮೆ. ಒಮ್ಮೆ ನೋಡಿ ಹೋದವರು ಮತ್ತೆ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಆ ಕೀ ಇಸ್ಕೊಳ್ಳಿ, ಚಿಕ್ಕಪ್ಪ ಬೇಜಾರಾದರೂ ಪರವಾಗಿಲ್ಲ. ಗೇಟಿನ ಮುಂದೆ ಅರ್ಧ ಗಂಟೆ ಕಾದವರಿಗೆ ಒಳಗೆ ಅರಮನೆಯೇ ಇದ್ದರೂ ಹಿಡಿಸಲ್ಲ. ಅದೇ ಬೀದಿಯಲ್ಲಿ ಹಗಲೆಲ್ಲ ಮನೆಯಲ್ಲಿರುವ ಯಾರಿಗಾದರೂ ಕೇಳಿಕೊಂಡು ಕೊಡಿ.

ಇನ್ನೊಂದು, ವಾಸನೆ. ಮನೆ ತಿಂಗಳುಗಟ್ಟಲೆ ಮುಚ್ಚಿದ್ದರೆ ಬಚ್ಚಲಿನ ಜಾಲರಿ ಕೆಳಗೆ ನಿಂತಿರುವ ನೀರು ಒಣಗಿ ಚರಂಡಿ ವಾಸನೆ ನೇರ ಒಳಗೆ ಬರುತ್ತೆ. ಬಂದವರು ಪೈಪೇ ಕೆಟ್ಟಿದೆ ಅಂದುಕೊಂಡು ಸುಮ್ನೆ ಮೂಗು ಮುಚ್ಚಿಕೊಂಡು ಹೋಗ್ತಾರೆ, ನಿಮಗೆ ಹೇಳೋದೂ ಇಲ್ಲ. ವಾರಕ್ಕೊಮ್ಮೆ ಒಂದೊಂದು ಜಾಲರಿಗೂ ಒಂದು ಬಕೆಟ್ ನೀರು ಸುರಿಸಿ, ಕಿಟಕಿ ತೆಗೆಸಿ, ಅಷ್ಟೇ. ಕರೆಂಟ್ ಬಿಲ್ ಬಾಕಿ ಇಟ್ಟು ಕತ್ತಲಲ್ಲಿ ಮೊಬೈಲ್ ಬೆಳಕು ಹಿಡಿದು ಮನೆ ತೋರಿಸಬೇಡಿ.

ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡು ಒಳ್ಳೆಯ ಹೊತ್ತು. ಸಂಜೆ 4.30ರಿಂದ 6 ರಾಹುಕಾಲ. ನೀವು ನಂಬದಿದ್ದರೂ ಕೊಳ್ಳುವವರು ನಂಬ್ತಾರೆ, ಅಲ್ವಾ? ಆಷಾಢದಲ್ಲಿ ಯಾರೂ ಬರಲಿಲ್ಲ ಅಂತ ಬೆಲೆ ಇಳಿಸಲೂ ಹೋಗಬೇಡಿ.

ಖಾತೆ, ಕಂದಾಯದ ರಸೀದಿ, ಇ.ಸಿ. (ಮನೆ ಮೇಲೆ ಸಾಲಗೀಲ ಇದೆಯಾ ಅಂತ ತೋರಿಸುವ ಋಣಭಾರ ಪತ್ರ) ಜೆರಾಕ್ಸ್ ಒಂದು ಫೈಲಿನಲ್ಲಿ ಕೀ ಜೊತೆಗೇ ಇರಲಿ. ಮೂಲಪತ್ರ ಮಾತ್ರ ಯಾರ ಕೈಗೂ ಕೊಡಬೇಡಿ, ಪಕ್ಕದ ಮನೆಯವರಿಗೂ ಸಹ.