ಕ್ಯಾಮೆರಾಗೆ ಮೂರನೇ ಕೈ ಎಲ್ಲಿಂದ ತರೋಣ?

ಪ್ರಶ್ನೆ: ಮೇಡಂ, ಬೆಂಗಳೂರಿನ ಈಜುಕೊಳದಲ್ಲಿ ಸ್ಕೂಬಾ ಪಾಠ ಮುಗಿಸಿದ್ದೇನೆ. ಮುಂದಿನ ತಿಂಗಳು ನೇತ್ರಾಣಿ ದ್ವೀಪದಲ್ಲಿ ನಾಲ್ಕು ಡೈವ್ ಮುಗಿಸಿದರೆ ಸರ್ಟಿಫಿಕೇಟ್ ಸಿಗುತ್ತದೆ. ಭಾವನ ಗೋಪ್ರೋ ಕ್ಯಾಮೆರಾ ಎರವಲು ತಂದಿದ್ದೇನೆ. ಅದನ್ನು ಸಮುದ್ರಕ್ಕೆ ಬಿಟ್ಟು ಬಂದರೆ ಅಕ್ಕನ ಮನೆ ಹೊಸಿಲು ತುಳಿಯೋ ಹಾಗಿಲ್ಲ. ತೇಲುವ ಹಿಡಿಕೆ ಹಾಕಿಸಿಕೊಳ್ಳಿ, ಸಾಕು ಅಂತ ಅಂಗಡಿಯವರು ಹೇಳಿದರು. ಸಾಕಾ?
— ಒಬ್ಬ ಓದುಗ, ವಿಜಯನಗರ

ಉತ್ತರ: ಸಾಲದು. ಆ ತೇಲುವ ಹಿಡಿಕೆಯ ದೆಸೆಯಿಂದಲೇ ನಾನೊಂದು ಕ್ಯಾಮೆರಾ ಕಳೆದುಕೊಂಡಿದ್ದೇನೆ.

ನೇತ್ರಾಣಿಯಲ್ಲೇ ಆಗಿದ್ದು. ಸುಮಾರು 14 ಮೀಟರ್ ಆಳದಲ್ಲಿದ್ದೆ. ಮಾಸ್ಕ್ ಒಳಗೆ ನೀರು ಜಿನುಗುತ್ತಿತ್ತು. ಸರಿಮಾಡಲು ಎರಡೂ ಕೈ ಬೇಕಾಯಿತು. ಬಸ್ಸಲ್ಲಿ ಟಿಕೆಟ್‌ಗೆ ಚಿಲ್ಲರೆ ತೆಗೆಯುವಾಗ ಛತ್ರಿ ಸಿಕ್ಕಿಸಿಕೊಳ್ಳುತ್ತೇವಲ್ಲ, ಹಾಗೆ ಕ್ಯಾಮೆರಾದ ಕಿತ್ತಳೆ ಬಣ್ಣದ ಹಿಡಿಕೆಯನ್ನು ಮಂಡಿ ಮಧ್ಯೆ ಸಿಕ್ಕಿಸಿಕೊಂಡೆ. ಮಾಸ್ಕ್‌ನ ನೀರು ಊದಿ ಕಣ್ಣು ಬಿಟ್ಟರೆ ಮಂಡಿ ಮಧ್ಯೆ ಏನೂ ಇಲ್ಲ! ಕೆಳಗೆ ನೋಡಿದೆ. ಬಂಡೆ, ಮರಳು, ಒಂದಿಷ್ಟು ಮೀನು. ಬಿದ್ದ ವಸ್ತು ಕೆಳಗೇ ಇರಬೇಕು ಅಲ್ವಾ? ನನ್ನ ಬಡ್ಡಿ (ಜೊತೆಯಲ್ಲಿ ಮುಳುಗುವವರನ್ನು ನಾವು ಹಾಗನ್ನುತ್ತೇವೆ, ಬ್ಯಾಂಕಿನ ಬಡ್ಡಿಯಲ್ಲ) ಬೆರಳೆತ್ತಿ ಮೇಲೆ ತೋರಿಸಿದರು. ನೆತ್ತಿಯ ಮೇಲೆ, ಬೆಳಕಿನ ಕಡೆಗೆ, ನನ್ನ ಕ್ಯಾಮೆರಾ ಗಾಳಿಗುಳ್ಳೆಗಳ ಜೊತೆ ಆರಾಮಾಗಿ ಏರುತ್ತಿತ್ತು. ನೋಡ್ತಾ ನೋಡ್ತಾ ಕಡಲೆಕಾಯಿಯಷ್ಟಾಯಿತು. ಆಮೇಲೆ ಅದೂ ಇಲ್ಲ.

ಹಿಂದೆ ಓಡೋಣ ಅಂದರೆ ಆಗಲ್ಲ. ನಿಮಿಷಕ್ಕೆ 9 ಮೀಟರ್‌ಗಿಂತ ಬೇಗ ಏರಬೇಡಿ ಅಂತ ನಮಗೆ ಕಲಿಸಿದ್ದು. 5 ಮೀಟರ್‌ನಲ್ಲಿ 3 ನಿಮಿಷ ನಿಲ್ಲಬೇಕು. ಗಾಬರಿಯಲ್ಲಿ ಉಸಿರು ಹಿಡಿದು ಮೇಲಕ್ಕೆ ಹಾರಿದರೆ ಎದೆಯೊಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯಬಹುದು. ಯಾವ ಕ್ಯಾಮೆರಾಗೂ ಅಷ್ಟು ಬೆಲೆ ಇಲ್ಲ, ಭಾವನದ್ದಾದರೂ ಸರಿ. ನಾವು ಕ್ರಮವಾಗಿ ಮೇಲೆ ಬರುವಷ್ಟರಲ್ಲಿ ಸೆಳವು ಅದನ್ನು ಎತ್ತಲೋ ಕೊಂಡೊಯ್ದಿತ್ತು. ದೋಣಿಯವರು ಆಗ ಇನ್ನೊಂದು ಮಗ್ಗುಲಲ್ಲಿ ಬೇರೆಯವರನ್ನು ಹತ್ತಿಸಿಕೊಳ್ಳುತ್ತಿದ್ದರು. ಅಲೆಗಳ ನಡುವೆ ಅಂಗೈಯಷ್ಟು ಕಿತ್ತಳೆ ಚುಕ್ಕೆಯನ್ನು ಯಾರು ಹುಡುಕುತ್ತಾರೆ? ಮುಳುಗುವ ಕ್ಯಾಮೆರಾ ಆಗಿದ್ದರೆ ಅಲ್ಲೇ ನನ್ನ ಕಾಲಡಿ ಮರಳಲ್ಲಿ ಕೂತಿರುತ್ತಿತ್ತು. ತೇಲುವ ಹಿಡಿಕೆ ನೀರಿನ ಮೇಲೇ ಸ್ನಾರ್ಕೆಲಿಂಗ್ ಮಾಡುವವರಿಗೆ, ತೆಪ್ಪದಲ್ಲಿ ಕೂತವರಿಗೆ ಸರಿ. ತಳಕ್ಕಿಳಿಯುವವರಿಗೆ ಬೇಡ.

ನಮ್ಮಜ್ಜಿ ಮನೆ ಬಾವಿಗೆ ಕೊಡ ಬಿದ್ದರೆ ಪಾತಾಳಗರಡಿ ಇಳಿಬಿಟ್ಟು ಎತ್ತುತ್ತಿದ್ದರು. ನೇತ್ರಾಣಿ ಇರೋದು ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ಆಚೆ. ಅಲ್ಲಿಗೆ ಯಾವ ಪಾತಾಳಗರಡಿ ತರೋಣ?

ಈಗ ನಿಮ್ಮ ವಿಷಯ. ನೀರಿಗಿಳಿಯುವಾಗ ಕಿವಿ ಗಡುಸಾಗುತ್ತದೆ. ಮೂಗು ಹಿಡಿದು ಊದಲು ಒಂದು ಕೈ. ಗಾಳಿ ತುಂಬಿ, ಬಿಟ್ಟು ತೇಲಾಟ ಹದ ಮಾಡುವ ಬಿಸಿಡಿ ಜಾಕೆಟ್‌ನ ಗಾಳಿ ಬಿಡಲು ಇನ್ನೊಂದು ಕೈ. ಕ್ಯಾಮೆರಾ ಹಿಡಿಯೋದು ಯಾರು? ನಡುವೆ ಆಳ, ಗಾಳಿ ತೋರಿಸುವ ಮೀಟರ್ ನೋಡಬೇಕು, ಬಡ್ಡಿಗೆ ಸನ್ನೆ ಮಾಡಬೇಕು. ಗಟ್ಟಿಯಾಗಿ ಹಿಡ್ಕೋತೀನಿ ಅಂದುಕೊಂಡು ಹೋದವರೇ ಜಾಸ್ತಿ ಕಳೆದುಕೊಳ್ಳೋದು. ಯಾವ ಗಳಿಗೆಯಲ್ಲಿ ಕೈ ಬಿಟ್ಟರೂ ಕ್ಯಾಮೆರಾ ನಿಮ್ಮ ಮೈಮೇಲೇ ಇರಬೇಕು. ಹಳೇ ಕಾಲದ ಅಜ್ಜಂದಿರು ತಿಜೋರಿ ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಳ್ಳುತ್ತಿದ್ದರು ನೋಡಿ, ಹಾಗೆ.

ಮಣಿಕಟ್ಟಿಗೆ ಹಾಕುವ ಬಳೆಯಂಥ ದಾರ ಬರುತ್ತದಲ್ಲ, ಅದನ್ನು ನಂಬಬೇಡಿ. ಒದ್ದೆ ಕೈಯಿಂದ ಜಾರಿದ್ದು ಗೊತ್ತೇ ಆಗಲ್ಲ. ಬಿಸಿಡಿಯ ಎದೆ ಭಾಗದಲ್ಲಿ ಡಿ ಆಕಾರದ ಉಂಗುರ ಇರುತ್ತದೆ, ಅಲ್ಲಿಗೆ ಕಟ್ಟಿ. ಬೇಕಾದ ಕೊಂಡಿಗೆ ಬೋಲ್ಟ್ ಸ್ನ್ಯಾಪ್ ಅನ್ನುತ್ತಾರೆ. ನಾಯಿ ಬೆಲ್ಟಿನ ತುದಿಯಲ್ಲಿ, ಹೆಬ್ಬೆರಳಿಂದ ಗುಬುಟು ಎಳೆದರೆ ಬಾಯಿ ಬಿಡುವ ಕೊಂಡಿ ಇರುತ್ತದಲ್ಲ, ಅದರದೇ ಜಾತಿ. ನಾನು ಎಸ್.ಪಿ. ರಸ್ತೆಯಲ್ಲಿ ಮಧ್ಯಾಹ್ನವೆಲ್ಲ ಅಲೆದು ತಂದೆ. ಜೇಬಲ್ಲಿ ಫ್ರಿಜ್‌ನ ಆಯಸ್ಕಾಂತ ಇಟ್ಟುಕೊಂಡು ಹೋಗಿದ್ದೆ. ಅದು ಗಟ್ಟಿಯಾಗಿ ಕಚ್ಚಿದರೆ ಒಳಗಿರೋದು ಕಬ್ಬಿಣ, ಮೇಲಿರೋದು ಬರೀ ಹೊಳಪು. ಉಪ್ಪುನೀರಿಗೆ ನಾಲ್ಕು ಸಲ ಇಳಿದರೆ ಸ್ಪ್ರಿಂಗ್ ತುಕ್ಕು ಹಿಡಿದು ಸಿಕ್ಕಿಕೊಳ್ಳುತ್ತದೆ. ಹಿತ್ತಾಳೆಯದ್ದು ಅಥವಾ 316 ಅಂತ ಗುರುತಿರುವ ಸ್ಟೀಲಿನದ್ದು ಕೇಳಿ. ಅಂಗಡಿಯಾತ ನನ್ನ ಆಯಸ್ಕಾಂತ ನೋಡಿ, "ಏನಮ್ಮ, ಚಿನ್ನ ತಗೋತಿದ್ದೀರಾ?" ಅಂದ. ಅಂದುಕೊಳ್ಳಲಿ.

ಒತ್ತಿದರೆ ಒಳಗೆ ಮಡಚುವ ಬಾಯಿಯ ಕೊಂಡಿ ಬೇಡ. ಬ್ಯಾಗಿಗೆ, ಕೀ ಗೊಂಚಲಿಗೆ ಹಾಕೋದು ಅದೇ. ಹಗ್ಗವೋ ಮೀನುಬಲೆಯ ಎಳೆಯೋ ತಗುಲಿದರೆ ತಾನೇ ಬಾಯಿ ತೆರೆದು ನುಂಗಿಬಿಡುತ್ತದೆ.

ಕೊಂಡಿಗೂ ಕ್ಯಾಮೆರಾಗೂ ನಡುವೆ ಲೋಹ ಬೇಡ, ನೈಲಾನ್ ದಾರ ಇರಲಿ. ಕ್ಯಾಮೆರಾ ಎಲ್ಲಾದರೂ ಸಿಕ್ಕಿಕೊಂಡು ನಿಮ್ಮನ್ನೂ ಹಿಡಿದರೆ ಚಾಕು ಹಾಕಿ ಕತ್ತರಿಸಲು ಬರಬೇಕು. ದಾರ ತೋಳು ಚಾಚುವಷ್ಟು ಸಾಕು. ಸುರುಳಿ ಲ್ಯಾನ್ಯಾರ್ಡ್ ಇನ್ನೂ ವಾಸಿ: ಬೇಕಾದಾಗ ಉದ್ದ, ಬಿಟ್ಟರೆ ಎದೆಗೆ ಗಿಡ್ಡ. ಕ್ಯಾಮೆರಾ ಮಂಡಿವರೆಗೆ ಜೋತಾಡಿದರೆ ಹವಳಕ್ಕೆ ಬಡಿಯುತ್ತದೆ. ಹವಳ ಮುರಿದರೆ ಅದು ಮತ್ತೆ ಬೆಳೆಯಲು ವರ್ಷಗಟ್ಟಲೆ ಬೇಕು.

ನೇತ್ರಾಣಿಗೆ ಹೊರಡೋ ಮುಂಚೆ ಮನೆಯಲ್ಲೊಂದು ಪರೀಕ್ಷೆ ಮಾಡಿ. 20 ಲೀಟರ್ ಬಕೆಟ್‌ಗೆ 700 ಗ್ರಾಂ ಕಲ್ಲುಪ್ಪು ಕರಗಿಸಿ, ಕ್ಯಾಮೆರಾವನ್ನು ಹೌಸಿಂಗ್ (ನೀರು ಹೋಗದ ಹೊರಡಬ್ಬಿ) ಸಮೇತ ಬಿಟ್ಟು ನೋಡಿ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಅದೇ ಲೆಕ್ಕ. ಸಿಹಿನೀರಲ್ಲಿ ನಿಧಾನವಾಗಿ ಮುಳುಗಿದ ಹೌಸಿಂಗ್ ಇದರಲ್ಲಿ ತೇಲಲೂಬಹುದು. ನಿಮಗೆ ಬೇಕಾದ್ದು ಮೆಲ್ಲಗೆ ಮುಳುಗುವ ಕ್ಯಾಮೆರಾ. ಹೌಸಿಂಗ್ ಅಂದೆ, ಅದಿಲ್ಲದೆ ಇಳಿಯಲೇಬೇಡಿ. ಈಚಿನ ಗೋಪ್ರೋಗಳಲ್ಲಿ ಹೆಚ್ಚಿನವು ಬರಿಮೈಯಲ್ಲಿ 10 ಮೀಟರ್‌ವರೆಗೆ ತಡೆಯುತ್ತವೆ, ನೀವು 18ರವರೆಗೆ ಹೋಗಬಹುದು. ಮುಚ್ಚುವ ಮುಂಚೆ ರಬ್ಬರ್ ರಿಂಗ್ ಮೇಲೆ ಒಂದೇ ಒಂದು ತಲೆಗೂದಲು ಕೂತಿದ್ದರೂ ನೀರು ಒಳಗೆ. ಬಕೆಟ್ ಕಂಡು ನಮ್ಮನೆಯವರು ಉಪ್ಪಿನಕಾಯಿಗೆ ನೀರು ಕಾಸ್ತಿದ್ದೀಯಾ ಅಂತ ಕೇಳಿದ್ದರು.

ಆಮೇಲೆ ಈಜುಕೊಳದಲ್ಲಿ, ಟ್ಯಾಂಕ್ ಹಾಕಿಕೊಂಡೇ, ಕಣ್ಣು ಮುಚ್ಚಿ ಕ್ಯಾಮೆರಾ ಬಿಡಿ. ಮಾಸ್ಕ್ ತೆಗೆದು ಮತ್ತೆ ಹಾಕಿಕೊಳ್ಳಿ. ಕಣ್ಣು ಬಿಡದೆ ಕ್ಯಾಮೆರಾ ಮತ್ತೆ ಹಿಡಿಯಿರಿ. ಹತ್ತು ಸಲ.

ದೋಣಿಯಲ್ಲಿ ಇನ್ನೊಂದು ಗಂಡಾಂತರ. ಕ್ಯಾಮೆರಾ ಹಿಡಿದು ನೀರಿಗೆ ಹಾರಬೇಡಿ, ಮೇಲೇ ಬಿಡಿ. ಹಾರಿ, ಉಸಿರು ಸರಿಮಾಡಿಕೊಂಡು, ಕೈ ಚಾಚಿ. ದೋಣಿಯವರು ಬಗ್ಗಿ ಕೊಡುತ್ತಾರೆ. ಜಾರೋದು ಈ ಕೈಯಿಂದ ಕೈಗೆ ಹೋಗುವಾಗಲೇ. ನಾನು ಮೊದಲೇ ಹೇಳಿಟ್ಟಿರುತ್ತೇನೆ: "ಅಣ್ಣಾ, ಟಕ್ ಅನ್ನೋವರೆಗೂ ಬಿಡಬೇಡಿ." ಕೊಂಡಿ ಉಂಗುರಕ್ಕೆ ಬಿದ್ದ ಮೇಲೆ ಒಮ್ಮೆ ಎಳೆದು ನೋಡಿ "ಹ್ಞೂಂ" ಅನ್ನುತ್ತೇನೆ. ಆಗಲೇ ಅವರು ಕೈ ತೆಗೆಯೋದು. ಹತ್ತುವಾಗ ಉಲ್ಟಾ. ಅವರು ಹಿಡಿದ ಮೇಲೆ ನಾನು ಕೊಂಡಿ ಬಿಚ್ಚುತ್ತೇನೆ.

ಇಷ್ಟೆಲ್ಲ ಹೇಳಿ ಒಂದು ಕಹಿ ಮಾತು. ನಿಮ್ಮ ಆ ನಾಲ್ಕು ಡೈವ್‌ಗೆ ಕ್ಯಾಮೆರಾ ಒಯ್ಯಲೇಬೇಡಿ. ಅವು ಪಾಠದ ಡೈವ್‌ಗಳು, ನಿಮ್ಮ ಗುರುಗಳು ಬಿಡೋದೂ ಅನುಮಾನ. ನೀರಲ್ಲಿ ಒಂದೇ ಮಟ್ಟದಲ್ಲಿ ನಿಲ್ಲಲು ಬರದವರ ಕೈಲಿ ಕ್ಯಾಮೆರಾ ಕೊಟ್ಟರೆ ಬರೋದು ಬರೀ ನೀಲಿ, ಇಲ್ಲವೇ ಸ್ವಂತ ಹೆಬ್ಬೆರಳು. ನನ್ನ ಮೊದಲ ವಿಡಿಯೋಗಳಲ್ಲಿ ಎರಡೂ ಇವೆ. ಭಾವನದ್ದು ಭಾವನ ಮನೆಯಲ್ಲೇ ಇರಲಿ, ಐದನೇ ಡೈವ್‌ಗೆ ಕೇಳಿ.

ಪ್ರಶ್ನೆ: ಕೈಯೇ ಬೇಡ ಅಂತ ಮಾಸ್ಕ್‌ನ ಪಟ್ಟಿಗೆ ಕ್ಯಾಮೆರಾ ಸಿಕ್ಕಿಸುವವರನ್ನು ಕಂಡಿದ್ದೇನೆ. ಒಳ್ಳೆಯ ಉಪಾಯ ಅಲ್ವಾ?
— ಕಾಲೇಜು ವಿದ್ಯಾರ್ಥಿನಿ, ರಾಜಾಜಿನಗರ

ಉತ್ತರ: ಮುಂದಿರುವವರ ಫಿನ್ (ಕಾಲಿಗೆ ಹಾಕುವ ರೆಕ್ಕೆ) ಒಂದು ಸಲ ಮುಖಕ್ಕೆ ಬಡಿದರೆ ಮಾಸ್ಕ್ ಹೋಗುತ್ತದಮ್ಮ, ಜೊತೆಗೆ ಕ್ಯಾಮೆರಾನೂ. ಆಗ ಕಣ್ಣೂ ಕಾಣಲ್ಲ, ಹುಡುಕೋದೂ ಇಲ್ಲ. ಅಲ್ಲದೆ ನೀವು ತಲೆ ತಿರುಗಿಸಿದಷ್ಟೂ ಸಲ ವಿಡಿಯೋ ತಿರುಗುತ್ತದೆ, ನೋಡುವವರಿಗೆ ಆಗುಂಬೆ ಘಾಟಿ ಇಳಿದ ಹಾಗೆ.

ಪ್ರಶ್ನೆ: ಹೋದ ವಾರ ಮುರುಡೇಶ್ವರಕ್ಕೆ ಹೋಗಿದ್ದಾಗ ದಡದಲ್ಲಿ ಪಾಚಿ ಹಿಡಿದ ಪುಟ್ಟ ಕ್ಯಾಮೆರಾ ಸಿಕ್ಕಿತು. ಒಳಗೆ ನೀರಿದೆ. ಏನು ಮಾಡಲಿ?
— ಗೃಹಿಣಿ, ಮಲ್ಲೇಶ್ವರಂ

ಉತ್ತರ: ಆನ್ ಮಾಡಬೇಡಿ. ಚಾರ್ಜಿಗಂತೂ ಹಾಕಲೇಬೇಡಿ, ಉಪ್ಪುನೀರು ಕುಡಿದ ಬ್ಯಾಟರಿ ಬೆಂಕಿ ಹತ್ತಬಹುದು. ಬ್ಯಾಟರಿ ಉಬ್ಬಿಲ್ಲದಿದ್ದರೆ ಬಿಚ್ಚಿ ಹೊರಗಿಡಿ. ಮೆಮೊರಿ ಕಾರ್ಡನ್ನು ಸಿಹಿನೀರಲ್ಲಿ ಅದ್ದಿ ತೆಗೆದು, ಎರಡು ದಿನ ನೆರಳಲ್ಲಿ ಒಣಗಿಸಿ. ಬೋರ್ ನೀರು ಬೇಡ, ಕಾವೇರಿ ನೀರಾಗಲಿ. ಕ್ಯಾಮೆರಾ ಸತ್ತರೂ ಕಾರ್ಡ್ ಎಷ್ಟೋ ಸಲ ಬದುಕಿರುತ್ತದೆ. ಹುಷಾರಿರುವವರು ಮೊದಲ ಫೋಟೋ ಒಂದು ಚೀಟಿಯದ್ದು ತೆಗೆದಿರುತ್ತಾರೆ, ಅದರಲ್ಲಿ ಫೋನ್ ನಂಬರ್ ಇರುತ್ತದೆ. ನಾನೂ ಈಗ ಹಾಗೇ ಮಾಡುತ್ತೇನೆ. ಆಗ ಮಾಡಿರಲಿಲ್ಲ.

ಅಂದಹಾಗೆ, ಅದರ ಹಿಡಿಕೆ ಯಾವ ಬಣ್ಣ? ಕಿತ್ತಳೆ ಇದ್ದರೆ ದಯವಿಟ್ಟು ಪತ್ರಿಕೆಯ ವಿಳಾಸಕ್ಕೆ ಬೇಗ ಬರೆಯಿರಿ.