ಫಿನ್ಲೆಂಡ್ ಸಾಹಿತ್ಯ ಓದಲು ಯಾವ ಪುಸ್ತಕದಿಂದ ಶುರು ಮಾಡಲಿ?

ಕಣ್ಣು ಮುಚ್ಚಿಕೊಂಡು ತೂವೆ ಯಾನ್ಸನ್ ಅವರ 'ದಿ ಸಮರ್ ಬುಕ್' (1972) ಕೈಗೆತ್ತಿಕೊಳ್ಳಿ. ಮೂಮಿನ್ ಎಂಬ ಮಕ್ಕಳ ಕಥೆಗಳಿಂದ ಹೆಸರಾದ ಇವರು ಫಿನ್ಲೆಂಡಿನವರೇ, ಆದರೆ ಬರೆದದ್ದು ಸ್ವೀಡಿಷ್‌ನಲ್ಲಿ. ಫಿನ್ಲೆಂಡ್ ಕೊಲ್ಲಿಯ ಪುಟ್ಟ ದ್ವೀಪ, ಒಬ್ಬ ಅಜ್ಜಿ, ಮೊಮ್ಮಗಳು ಸೋಫಿಯಾ. ಮೊದಲ ಪುಟದಲ್ಲೇ ಅಜ್ಜಿ ಹೂಗಿಡಗಳ ನಡುವೆ ತನ್ನ ಕಟ್ಟಿಸಿದ ಹಲ್ಲು ಹುಡುಕುತ್ತಿರುತ್ತಾಳೆ! ಹುಡುಗಿಯ ತಾಯಿ ತೀರಿಕೊಂಡಿದ್ದಾಳೆ ಎಂಬುದು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಬಂದುಹೋಗುತ್ತದೆ. ಆದರೂ ಆ ದುಃಖ ಪುಸ್ತಕದ ತುಂಬ ಇದೆ. ಇಬ್ಬರೂ ಜಗಳವಾಡುತ್ತಾರೆ, ಸುಳ್ಳು ಹೇಳುತ್ತಾರೆ, ದೇವರ ಬಗ್ಗೆ ವಾದಿಸುತ್ತಾರೆ. ಎಲ್ಲೂ ಗೋಳಾಟವಿಲ್ಲ, ನನಗೆ ಹಿಡಿಸಿದ್ದೇ ಅದು.

ನಗು ಬೇಕೆಂದರೆ ಆರ್ತೊ ಪಾಸಿಲಿನ್ನ ಅವರ 'ದಿ ಇಯರ್ ಆಫ್ ದಿ ಹೇರ್' (1975). ಪತ್ರಕರ್ತನೊಬ್ಬನ ಕಾರಿಗೆ ಮೊಲದ ಮರಿ ಸಿಕ್ಕಿ ಗಾಯಗೊಳ್ಳುತ್ತದೆ. ಅದನ್ನು ಹುಡುಕಿ ಕಾಡಿಗೆ ಹೋದವನು ಕೆಲಸ, ಹೆಂಡತಿ ಎಲ್ಲವನ್ನೂ ಬಿಟ್ಟು ಮೊಲದ ಜೊತೆ ಊರೂರು ಅಲೆಯುತ್ತಾನೆ. ಒಂದೇ ಕೂತಿನಲ್ಲಿ ಓದಿ ಮುಗಿಸಬಹುದು.

ಯುದ್ಧದ ಕಾದಂಬರಿಗಳಲ್ಲಿ ವೈನೊ ಲಿನ್ನ ಅವರ 'ಅನ್‌ನೋನ್ ಸೋಲ್ಜರ್ಸ್' (1954) ಗಟ್ಟಿ ಕೃತಿ. 'ಕಾಲೆವಾಲಾ' ಮಹಾಕಾವ್ಯವನ್ನು ಎಲ್ಲರೂ ಮೊದಲು ಹೇಳುತ್ತಾರೆ. ನಾನಂತೂ ಅದನ್ನು ಕೊನೆಗಿಡಿ ಎನ್ನುತ್ತೇನೆ. ಐವತ್ತು ಸರ್ಗಗಳಿವೆ, ಸ್ವಲ್ಪ ತಾಳ್ಮೆ ಬೇಕು.